ಬೀರುವಲ್ಲಿದ್ದ ಬ್ಲೌಸ್ ಪೀಸು, ಎಳ್ಳು ಬೀರೋ ಚೀಲ

ನಮ್ಮ ಮಂಡ್ಯದಲ್ಲಿ ಅರಿಶಿನ ಕುಂಕುಮದ ಜೊತೆ ಕೊಡೋ ಬ್ಲೌಸ್ ಪೀಸನ್ನ ಹೊಲಿಸಿಕೊಂಡವರನ್ನ ನಾನಂತೂ ನೋಡಿಲ್ಲ. ಗೃಹಪ್ರವೇಶದಲ್ಲಿ ಬಂದದ್ದು ಸೀಮಂತಕ್ಕೆ ಹೋಗುತ್ತೆ, ಸೀಮಂತದ್ದು ನಾಮಕರಣಕ್ಕೆ. ನಾವೇ ಯಾರಿಗೋ ಕೊಟ್ಟಿದ್ದ ಗಿಳಿಹಸಿರು ಪೀಸೊಂದು, ಮಗಳು ಅಂಚಿನಲ್ಲಿ ಗೀಚಿದ್ದ ಪೆನ್ನಿನ ಗೆರೆ ಸಮೇತ, ಊರೆಲ್ಲ ಸುತ್ತಿ ವಾಪಸ್ ಬಂತು. ಅವತ್ತು ಬೀರು ತೆಗೆದು ಎಣಿಸಿದೆ: 23. ನಾನು ಗಣಿತದ ಮೇಷ್ಟ್ರು, ಎಣಿಸದೆ ಇರಕ್ಕಾಗಲ್ಲ. ಅಮ್ಮನ ತುಳಿಯೋ ಮಷೀನು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಈ ಸಂಕ್ರಾಂತಿಗೆ ಅಕ್ಕತಂಗೀರಿಗೆ ಎಳ್ಳುಬೆಲ್ಲವನ್ನ ಲಾಡಿ ಚೀಲದಲ್ಲಿ ಕೊಡೋಣ ಅಂತ ನಿಂತೆ.

ಹೊಲಿಗೆ ಬರದವರು ಮೊದಲು ಬಟ್ಟೆ ಮುಟ್ಟಬೇಡಿ. ದಾರ ಹಾಕದೆ, ಗೆರೆ ಇರೋ ನೋಟ್‌ಬುಕ್ ಹಾಳೆಯನ್ನ ಸೂಜಿ ಕೆಳಗಿಟ್ಟು ಗೆರೆ ಮೇಲೇ ತುಳೀರಿ. ಕೈಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಕಾಲು ತಪ್ಪಿ ಹಿಂದಕ್ಕೆ ಹೋದರೆ ದಾರ ಪಟ್ ಅನ್ನುತ್ತೆ. ನನಗೆ ಇದಕ್ಕೇ ನಾಲ್ಕು ಸಂಜೆ ಹಿಡಿಯಿತು. ಕಾಗದ ಚುಚ್ಚಿದ ಸೂಜಿ ಮೊಂಡಾಗಿರುತ್ತೆ, ಬಟ್ಟೆಗೆ ಹೊಸದು ಹಾಕಿ. 14ನೇ ನಂಬರು ಸಾಕು.

ಪೀಸುಗಳಲ್ಲಿ ಕಾಟನ್ನು, ಟೂ ಬೈ ಟೂ ಅನ್ನೋ ಜಾರದ ಬ್ಲೌಸ್ ಬಟ್ಟೆ ಮಾತ್ರ ಆರಿಸಿಕೊಳ್ಳಿ. ಹೊಳೆಯೋ ಸ್ಯಾಟಿನ್ ಜಾರುತ್ತೆ; ಅದನ್ನ ನಾಮಕರಣಗಳ ಪಾಡಿಗೆ ಬಿಟ್ಟುಬಿಡಿ. ಕತ್ತರಿಸೋ ಮುಂಚೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಕೆಂಪು, ಮೆರೂನಿಗೆ ಬೇರೆ ಬಕೆಟ್ಟು. ಇಲ್ಲದಿದ್ದರೆ ನಮ್ಮನೇಲಿ ಆದ ಹಾಗೆ ಬಿಳಿ ಪಂಚೆಯೂ ಹಬ್ಬಕ್ಕೆ ರೆಡಿಯಾಗುತ್ತೆ.

ಈಗ ಲೆಕ್ಕ. 80 ಸೆಂಟಿಮೀಟರ್ ಪೀಸು ಅಂದ್ರೆ 31 ಇಂಚು ಚಿಲ್ಲರೆ, ಪನ್ನ, ಅಂದ್ರೆ ಬಟ್ಟೆಯ ಅಗಲ, ಸುಮಾರು 36 ಇಂಚು. ಒಂದು ಚೀಲಕ್ಕೆ 7 ಇಂಚು ಅಗಲ, 17 ಇಂಚು ಉದ್ದದ ಒಂದೇ ತುಂಡು. ಒಗೆದಾಗ ಸ್ವಲ್ಪ ಕುಗ್ಗಿದರೂ ಎಂಟು ಚೀಲ ಬರುತ್ತೆ. ಲಾಡಿ ಮಾತ್ರ ಪೇಟೆಬೀದಿಯಿಂದ ತಂದೆ, ಚೀಲಕ್ಕೊಂದು ಮೀಟರಿನಂತೆ.

ಎಲ್ಲರೂ ಎಡವೋದು ಲಾಡಿ ಹೋಗೋ ದಾರಿಯಲ್ಲಿ. ಮೂರೂ ಕಡೆ ಹೊಲಿದುಬಿಟ್ಟು ಆಮೇಲೆ ಬಾಯಿ ಮಡಚಕ್ಕೆ ಹೋಗ್ತಾರೆ. ಲಾಡಿ ತೂರಿಸಕ್ಕೆ ತೂತೇ ಇರಲ್ಲ. ನನ್ನ ಮೊದಲ ಚೀಲವೂ ಹಾಗೇ ಆಗಿ, ಈಗ ಮೊಬೈಲ್ ಚಾರ್ಜರ್ ತುಂಬೋ ದಿಂಬಿನ ಮರಿಯಾಗಿದೆ. ಕ್ರಮ ಹೀಗಿರಲಿ. ತುಂಡಿನ ಎರಡೂ ತುದಿಯಿಂದ 2 ಇಂಚಿಗೆ, ಎರಡೂ ಪಕ್ಕದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ 2 ಇಂಚಿನಷ್ಟು ಪಕ್ಕದ ಅಂಚನ್ನ ಮಾತ್ರ ಅರ್ಧ ಇಂಚು ಒಳಕ್ಕೆ ಮಡಚಿ ಹೊಲಿಯಿರಿ. ನಾಲ್ಕು ಮೂಲೆಗೂ ಹೀಗೇ. ಆಮೇಲೆ ತುದಿಯನ್ನ ಮೊದಲು ಕಾಲು ಇಂಚು, ಮತ್ತೆ ಮುಕ್ಕಾಲು ಇಂಚು ಮಡಚಿ, ಮಡಿಕೆಯ ಕೆಳಅಂಚಿನಲ್ಲಿ ಒಂದು ಹೊಲಿಗೆ. ಲಾಡಿಗೆ ದಾರಿ ಆಯ್ತು. ಎರಡೂ ತುದಿ ಮುಗಿದ ಮೇಲೆ ಬಣ್ಣದ ಮೈ ಒಳಗೆ ಬರೋ ಹಾಗೆ ಅರ್ಧಕ್ಕೆ ಮಡಚಿ, ಗುರುತಿನಿಂದ ತಳದವರೆಗೆ ಅರ್ಧ ಇಂಚು ಬಿಟ್ಟು ಪಕ್ಕಗಳನ್ನ ಹೊಲಿಯಿರಿ. ಹಳೇ ಮಷೀನಿಗೆ ರಿವರ್ಸ್ ಇರಲ್ಲ. ಶುರುವಲ್ಲೂ ಕೊನೇಲೂ ಬಟ್ಟೆ ತಿರುಗಿಸಿ ಅರ್ಧ ಇಂಚು ಹೊಲಿಗೆ ಮೇಲೇ ಹೊಲಿಗೆ ಹಾಕಿ. ತಿರುಗಿಸಿದರೆ 6 ಇಂಚು ಅಗಲ, ಏಳೂವರೆ ಎತ್ತರದ ಚೀಲ.

ಲಾಡಿಯನ್ನ ಎರಡು ತುಂಡು ಮಾಡಿ, ಪಿನ್ನು ಸಿಕ್ಕಿಸಿ, ಒಂದು ಎಡಗಡೆ ಹೊಕ್ಕು ಸುತ್ತಿ ಎಡಕ್ಕೇ ಬರಲಿ, ಇನ್ನೊಂದು ಬಲಕ್ಕೆ. ಎರಡೂ ಎಳೆದರೆ ಬಾಯಿ ಗಪ್.

ಹೊಲಿವಾಗ ಬಟ್ಟೆ ಕೆಳಗೆ ದಾರ ಗೂಡು ಕಟ್ಟಿದರೆ ಕೆಳಗಿನ ದಾರ ಸುತ್ತಿರೋ ಬಾಬಿನ್ನನ್ನ ಬೈಯಬೇಡಿ. ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದು, ಇಲ್ಲ ಬಟ್ಟೆಯನ್ನ ಒತ್ತಿ ಹಿಡಿಯೋ ಒತ್ತುಪಾದ ಇಳಿಸೋದನ್ನ ಮರೆತದ್ದು.

ಎಳ್ಳುಬೆಲ್ಲವನ್ನ ನೇರ ಚೀಲಕ್ಕೆ ಸುರೀಬೇಡಿ. ನಾನು ಸುರಿದೆ, ಕೊಬ್ಬರಿ, ಕಡಲೆಬೀಜದ ಎಣ್ಣೆ ಇಳಿದು ಕಿಚ್ಚು ಹಾಯಿಸೋ ಹೊತ್ತಿಗೆ ಹಳದಿ ಚೀಲಗಳ ಮೇಲೆಲ್ಲ ಕಲೆ. ಬಟರ್ ಪೇಪರಿನಲ್ಲಿ ಕಟ್ಟಿ ಇಡಿ. ಸಕ್ಕರೆ ಅಚ್ಚು ಮೇಲಿರಲಿ. ಧನುರ್ಮಾಸ ಶುರುವಾದಾಗಲೇ ಕೂತರೆ ಸಂಜೆಗೆರಡರಂತೆ ಆರಾಮಾಗಿ ಮುಗಿಯುತ್ತೆ.

ಆ ಗಿಳಿಹಸಿರು ಪೀಸಿನ ಚೀಲವನ್ನ ದೊಡ್ಡಮ್ಮನಿಗೇ ಇಟ್ಟಿದ್ದೆ. ತಿರುಗಿಸಿ ಮುರುಗಿಸಿ ನೋಡಿ, "ಏನ್ಲಾ ಮೇಷ್ಟ್ರೇ, ಚೀಲನೋ ಕಾಲ್ಚೀಲನೋ?" ಅಂತು. ಎಳ್ಳುಬೆಲ್ಲ ಮೊಮ್ಮಗಳ ಕೈಗೆ ಸುರಿದು, ಸೊಂಟದಿಂದ ಎಲೆಅಡಿಕೆ ತೆಗೆದು ಅದರೊಳಕ್ಕೆ ಹಾಕಿಕೊಂಡಿತು. ಸಂಜೆ ಹೊರಡುವಾಗ ಕರೆದು ಹೇಳಿತು: "ಸಂಚಿ ಅಂದ್ರೆ ಒಳಗೆ ಎರಡು ಮನೆ ಇರ್ಬೇಕು ಕಣ್ಲಾ. ಸುಣ್ಣದ ಡಬ್ಬಿಗೆ ಒಂದು. ಯುಗಾದಿಗೆ ಹೊಲ್ಕೊಡು."