ಕರಾಟೆ, ಜೂಡೊ ಕಲಿತವರಿಗೆ ಜಪಾನಿ ಹೆಸರಿನ ಮುದ್ರೆ: ವಿನ್ಯಾಸ ಮಾಡುವುದು ಹೇಗೆ?

ಕರಾಟೆಯ ಶೊಟೊಕಾನ್ ಶೈಲಿಗೆ ಆ ಹೆಸರು ಬಂದಿದ್ದು ಒಂದು ಕಾವ್ಯನಾಮದಿಂದ. ಆ ಶೈಲಿ ಕಟ್ಟಿದ ಗಿಚಿನ್ ಫುನಾಕೋಶಿ ತಮ್ಮ ಕವಿತೆಗಳಿಗೆ ‘ಶೊಟೊ’ ಎಂದು ಹೆಸರು ಹಾಕುತ್ತಿದ್ದರು. ಜೂಡೊ ಕಟ್ಟಿದ ಜಿಗೊರೊ ಕಾನೊ ಅವರಿಗಂತೂ ವಯಸ್ಸಿಗೊಂದು ಹೆಸರು. ಕುಂಚದ ಬರಹಗಳಲ್ಲಿ ಅವರು ಮೊದಲು ಕೊನಾನ್, ಅರವತ್ತರ ನಂತರ ಶಿಂಕೊಸಾಯ್, ಎಪ್ಪತ್ತರ ನಂತರ ಕಿಇತ್ಸುಸಾಯ್. ಕುಂಚದಲ್ಲಿ ಬರೆದು, ಹೆಸರು ಹಾಕಿ, ಕೆಳಗೆ ಕೆಂಪು ಮುದ್ರೆ ಒತ್ತುವುದು ಅಲ್ಲಿನ ಹಳೆಯ ರೂಢಿ.

ಬ್ಲ್ಯಾಕ್ ಬೆಲ್ಟ್ ಪಡೆದ ಎಷ್ಟೋ ಜನರಿಗೆ ತಮ್ಮದೂ ಒಂದು ಮುದ್ರೆ ಇರಲಿ ಅನ್ನಿಸುತ್ತದೆ. ಒಳ್ಳೆಯ ಆಸೆ. ಆದರೆ ಮುದ್ರೆ ಒತ್ತುವುದೆಂದರೆ ‘ಇದು ನನ್ನದು’ ಎಂದು ಒಪ್ಪಿಕೊಳ್ಳುವುದು. ಅದರಲ್ಲಿರುವ ಹೆಸರು ಮೊದಲು ಸರಿಯಿರಬೇಕು, ಚಂದ ಆಮೇಲೆ.

ಎಲ್ಲಿ ಒತ್ತುತ್ತೀರಿ?

ಅಳತೆ ನಿರ್ಧಾರವಾಗುವುದು ಇದರ ಮೇಲೆ. ಪತ್ರ, ಪುಸ್ತಕ, ಅಭ್ಯಾಸದ ಟಿಪ್ಪಣಿಗೆ 12ರಿಂದ 15 ಮಿಲಿಮೀಟರ್ ಸಾಕು. ಕುಂಚದ ಬರಹಕ್ಕಾದರೆ 18ರಿಂದ 24 ಮಿಲಿಮೀಟರಿನ ಚೌಕ ಒಪ್ಪುತ್ತದೆ. ನೀವು ಹಾಕುವ ಸಹಿಯ ಅಕ್ಷರಕ್ಕಿಂತ ಮುದ್ರೆ ದೊಡ್ಡದಾಗಿ ಕಾಣಬಾರದು. ಡೋಜೊ, ಅಂದರೆ ಅಭ್ಯಾಸ ಶಾಲೆ ನಡೆಸುವವರು ಸಂಸ್ಥೆಯ ಹೆಸರಿಗೆ ಬೇರೆಯೇ ದೊಡ್ಡ ಚೌಕ ಮುದ್ರೆ ಮಾಡಿಸಿಕೊಳ್ಳಲಿ. ನಿಮಗೆ ಸಿಕ್ಕ ದಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಪ್ರಮಾಣಪತ್ರದ ಮೇಲೆ ಮಾತ್ರ ನಿಮ್ಮ ಮುದ್ರೆ ಒತ್ತಬೇಡಿ. ಅದು ಕೊಟ್ಟವರ ದಾಖಲೆ.

ಜಪಾನಿನಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಅಲ್ಲಿನ ಸ್ಥಳೀಯ ಕಚೇರಿಯಲ್ಲಿ ನೋಂದಾಯಿಸುವ ‘ಜಿತ್ಸುಇನ್’ ಕಾನೂನಿನ ಮುದ್ರೆ. ಅದು 8 ಮಿಲಿಮೀಟರ್ ಚೌಕಕ್ಕಿಂತ ದೊಡ್ಡದಿರಬೇಕು, 25 ಮಿಲಿಮೀಟರ್ ಚೌಕದೊಳಗೆ ಹಿಡಿಸಬೇಕು. ರಬ್ಬರಿನದು ನಡೆಯುವುದಿಲ್ಲ. ಎಲ್ಲರಿಗೂ ಕಾಣುವಂತೆ ಒತ್ತುವ ಕಲೆಯ ಮುದ್ರೆಯನ್ನು ಅಲ್ಲಿ ನೋಂದಾಯಿಸಬೇಡಿ.

ಹೆಸರು ಬರೆಯುವುದು

ಎರಡು ದಾರಿ ಇವೆ. ಒಂದು, ಹೊರದೇಶದ ಹೆಸರುಗಳಿಗೆ ಬಳಸುವ ಕತಕಾನ ಲಿಪಿಯಲ್ಲಿ ಉಚ್ಚಾರವನ್ನು ಬರೆಯುವುದು. ಇನ್ನೊಂದು, ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಕಾಂಜಿ ಅಕ್ಷರಗಳನ್ನು ಆರಿಸುವುದು. ಶುರುವಿಗೆ ಕತಕಾನವೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ನಿಮ್ಮ ಹೆಸರು ನಿಮ್ಮದಾಗಿಯೇ ಉಳಿಯುತ್ತದೆ.

ಕತಕಾನದಲ್ಲಿ ರ, ಲ, ಳ ಎಲ್ಲಕ್ಕೂ ಒಂದೇ ಸಾಲಿನ ಅಕ್ಷರ. ಮಹಾಪ್ರಾಣ ಇಲ್ಲ. ಪದದ ಕೊನೆಯಲ್ಲಿ ‘ನ್’ ಬಿಟ್ಟು ಬೇರೆ ವ್ಯಂಜನ ನಿಲ್ಲುವುದಿಲ್ಲ. ಹಾಗಾಗಿ ಕಿರಣ್ ಸಲೀಸಾಗಿ ಕಿ-ರ-ನ್ ಎಂದು ಮೂರು ಅಕ್ಷರವಾಗುತ್ತದೆ. ಭರತ್ ‘ಬರತೊ’ ಆಗುತ್ತಾನೆ. ಮಂಜುನಾಥ್ ಎಂದು ಪೂರ್ತಿ ಬರೆದರೆ ಏಳು ಗುರುತು ಬೇಕು, ಸಣ್ಣ ಚೌಕದಲ್ಲಿ ಉಸಿರುಗಟ್ಟುತ್ತದೆ. ‘ಮಂಜು’ ಎಂದರೆ ನಾಲ್ಕೇ ಸಾಕು, ಅಲ್ವಾ? ಅದರಲ್ಲೂ ಕೊನೆಯದು ಚಿಕ್ಕ ‘ಯು’. ಅದನ್ನು ಚಿಕ್ಕದಾಗಿಯೇ ಬರೆಯಬೇಕು, ಉಳಿದವುಗಳ ಅಳತೆಗೆ ಹಿಗ್ಗಿಸಿದರೆ ಹೆಸರು ‘ಮಂಜಿಯು’ ಆಗಿಬಿಡುತ್ತದೆ.

ಜಾಸ್ತಿ ಜನ ಎಡವುವುದು ದೀರ್ಘದ ಗೆರೆಯಲ್ಲಿ. ದೀಪಾ ಎಂಬ ಹೆಸರಿನ ‘ದೀ’ಗೆ ಕತಕಾನದಲ್ಲಿ ಒಂದು ಉದ್ದ ಗೆರೆ ಬರುತ್ತದೆ. ಅಡ್ಡ ಬರೆದಾಗ ಗೆರೆಯೂ ಅಡ್ಡ. ಮುದ್ರೆಯಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಗೆರೆಯೂ ನೆಟ್ಟಗೆ ನಿಲ್ಲಬೇಕು. ಇದು ತಪ್ಪಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಕಾಂಜಿಯೇ ಬೇಕೆನ್ನುವವರು ಅರ್ಥ ಹಿಡಿದು ಹೋಗುವುದು ಸುರಕ್ಷಿತ. ಕಿರಣ್‌ಗೆ ಬೆಳಕಿನ ಅಕ್ಷರ, ಸಾಗರ್‌ಗೆ ಸಮುದ್ರದ್ದು. ಬರೀ ಸದ್ದು ನೋಡಿ ಆರಿಸಿದರೆ ಅಪಾಯ ಇದೆ. ‘ಶಿ’ ಎಂದು ಓದುವ ಅಕ್ಷರಗಳಲ್ಲಿ ಸಾವು ಎಂಬುದೂ ಇದೆ, ಸಂಕಲ್ಪ ಎಂಬುದೂ ಇದೆ. ‘ಕು’ ಎಂಬುದರಲ್ಲಿ ಸಂಕಟವೂ ಬರುತ್ತದೆ. ಕೆತ್ತುವ ಮೊದಲು ಜಪಾನಿ ಬಲ್ಲ ಒಬ್ಬರಿಗಾದರೂ ತೋರಿಸಿ.

ಕಾವ್ಯನಾಮದಂಥ ಹೆಸರು ಬೇಕಿದ್ದರೆ ನಿಮ್ಮ ಸೆನ್ಸೇ (ಗುರು) ಜೊತೆ ಕೂತು ಮಾತಾಡಿ. ಶಿಹಾನ್, ರೆನ್ಶಿ, ಹಾನ್ಶಿ ಇವೆಲ್ಲ ಯಾರಾದರೂ ಕೊಟ್ಟಾಗ ಬರುವ ಬಿರುದುಗಳು. ಹೆಸರಿನ ಮುದ್ರೆಯೊಳಗೆ ನೀವಾಗಿಯೇ ಸೇರಿಸಬೇಡಿ. 16 ದಳದ ಸೇವಂತಿಗೆ ಜಪಾನಿನ ಚಕ್ರವರ್ತಿ ಮನೆತನದ ಲಾಂಛನ, ಅದನ್ನೂ ಬಿಡಿ.

ಜೋಡಣೆ ಮತ್ತು ಶೈಲಿ

ಓದುವ ಕ್ರಮ ಮೇಲಿನಿಂದ ಕೆಳಕ್ಕೆ, ಬಲಗಡೆಯ ಸಾಲು ಮೊದಲು. ನಾಲ್ಕು ಅಕ್ಷರವಿದ್ದರೆ ಎರಡೆರಡು ಮನೆ. ಕಿರಣ್‌ನಂಥ ಮೂರಕ್ಷರದ ಹೆಸರಿಗೆ ಮುದ್ರೆ ಎಂಬರ್ಥದ ‘ಇನ್’ ಸೇರಿಸಿದರೆ ನಾಲ್ಕಾಗುತ್ತದೆ. ಎರಡೇ ಇದ್ದರೆ ‘ಇಂಥವರ ಮುದ್ರೆ’ ಎಂಬರ್ಥದ ‘ನೊ ಇನ್’ ಎಂಬ ಎರಡಕ್ಷರ ಸೇರಿಸುತ್ತಾರೆ.

ಕಾಂಜಿಗೆ ‘ತೆನ್ಶೊ’ ಎಂಬ ಹಳೆಯ ಮುದ್ರಾಲಿಪಿ ತುಂಬ ಚೆನ್ನಾಗಿ ಕೂರುತ್ತದೆ. ಕತಕಾನಕ್ಕೆ ತೆನ್ಶೊ ರೂಪವೇ ಇಲ್ಲ. ಕತಕಾನ ಹುಟ್ಟಿದ್ದು ತೆನ್ಶೊ ಬಂದು ಎಷ್ಟೋ ಶತಮಾನಗಳ ನಂತರ, ಜಪಾನಿನಲ್ಲಿ, ಕಾಂಜಿಯ ತುಣುಕುಗಳಿಂದ. ಹಾಗಾಗಿ ಕತಕಾನಕ್ಕೆ ನೇರವಾದ, ಸಮ ದಪ್ಪದ ಗೆರೆ ಎಳೆಯಿರಿ. ಖಾಲಿ ಜಾಗಕ್ಕೆ ಹೆದರಬೇಡಿ, ಅಲ್ಲಿ ಹೂವು ಕತ್ತಿ ತುಂಬಬೇಡಿ.

ಅಕ್ಷರ ಬಿಳಿಯಾಗಿ ಬರುವುದು ‘ಹಾಕುಬುನ್’, ಕೆಂಪಾಗಿ ಬರುವುದು ‘ಶುಬುನ್’. ನಿಜ ಹೆಸರಿಗೆ ಬಿಳಿ, ಕಾವ್ಯನಾಮಕ್ಕೆ ಕೆಂಪು ಎಂಬುದು ರೂಢಿ. ಎರಡನ್ನೂ ಒತ್ತುವಾಗ ನಿಜ ಹೆಸರು ಮೇಲೆ, ಕಾವ್ಯನಾಮ ಕೆಳಗೆ.

ಕೆತ್ತುವುದು

ಚೀನಾದ ಚಿಂಗ್‌ಟಿಯನ್ ಕಲ್ಲು ಇದಕ್ಕೆ ಹೆಸರಾದದ್ದು. ಕೈ ಪಳಗಿಸಲು ನಮ್ಮ ಬಳಪದ ಕಲ್ಲು ಸಾಕು, ಇನ್ನೂ ಮೆತ್ತಗಿರುತ್ತದೆ. ಮುಖವನ್ನು ಮರಳು ಕಾಗದದ ಮೇಲೆ ನೀರು ಹಾಕಿ ಸಮ ಮಾಡಿ. ಒಣ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಕೊಳ್ಳಿ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು ಚಾಕುವಿನಿಂದ ಕೆತ್ತಿ. ಮೊದಲ ಸಲಕ್ಕೆ ಬಿಳಿ ಅಕ್ಷರ ಸುಲಭ, ಗೆರೆಯನ್ನಷ್ಟೇ ತೆಗೆದರಾಯಿತು.

ಊರಿನ ರಬ್ಬರ್ ಸ್ಟಾಂಪ್ ಅಂಗಡಿಯಲ್ಲಿ ಮಾಡಿಸುವುದಾದರೆ ಅಪ್ಪಟ ಕಪ್ಪು-ಬಿಳುಪಿನ ಚಿತ್ರ ಕೊಡಿ. ನೇರವಾಗಿಯೇ ಕೊಡಿ, ತಿರುಗಿಸುವುದು ಅವರ ಕೆಲಸ ಎಂದು ಮೊದಲೇ ಮಾತಾಡಿಕೊಳ್ಳಿ. ಇಬ್ಬರೂ ತಿರುಗಿಸಿದರೆ ಅಚ್ಚು ಉಲ್ಟಾ ಬರುತ್ತದೆ.

ಒತ್ತುವುದು

ಕಲ್ಲು, ಮರ, ಕೊಂಬಿನ ಮುದ್ರೆಗೆ ಎಣ್ಣೆ ಬೆರೆಸಿದ ಕೆಂಪು ಲೇಪ. ರಬ್ಬರಿಗೆ ಅದು ಬೇಡ, ಎಣ್ಣೆಗೆ ರಬ್ಬರ್ ಹಾಳಾಗುತ್ತದೆ. ಮಾಮೂಲಿ ಸ್ಟಾಂಪ್ ಪ್ಯಾಡ್ ಬಳಸಿ. ಲೇಪವನ್ನು ಮೊದಲು ಕಲಸಿ, ಆಮೇಲೆ ಮುದ್ರೆಯ ಮುಖಕ್ಕೆ ಮೆಲ್ಲಗೆ ತಟ್ಟಿ ತಟ್ಟಿ ಹಚ್ಚಿ. ಕಾಗದದ ಕೆಳಗೆ ತೆಳು ಮೆತ್ತೆ ಇರಲಿ. ನೇರವಾಗಿ ಇಟ್ಟು, ನಾಲ್ಕೂ ಮೂಲೆಗೆ ಭಾರ ಕೊಟ್ಟು, ನೇರವಾಗಿಯೇ ಎತ್ತಿ. ಹಳೆಯ ಬಗೆಯ ಲೇಪದಲ್ಲಿ ಪಾದರಸದ ಇಂಗಲೀಕ ಇರುತ್ತದೆ, ಕೈ ತೊಳೆಯುವುದು ಮರೆಯಬೇಡಿ. ಕೆಲಸ ಮುಗಿದ ಮೇಲೆ ಮೃದು ಕಾಗದದಿಂದ ಒರೆಸಿಡಿ. ಗೆರೆಗಳ ಸಂದಿನಲ್ಲಿ ಲೇಪ ಗಟ್ಟಿಯಾದರೆ ಮುಂದಿನ ಅಚ್ಚು ಕಲಸಿಹೋಗುತ್ತದೆ.