ಟಿವಿ ಯಾರನ್ನು ಕೇಳುತ್ತದೆ? ಶಿಡ್ಲಘಟ್ಟದಿಂದ ನನ್ನ ಅನುಭವ

ಮಳ್ಳೂರಿನ ಮೇಷ್ಟ್ರೊಬ್ಬರ ಮನೆಯಿಂದ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. "ಟಿವಿ ಕೆಟ್ಟೋಗಿದೆ ಕಣಪ್ಪ. ಯೂಟ್ಯೂಬ್ ಬರ್ತಿಲ್ಲ. ನಮ್ಮಮ್ಮ ದೇವರ ಹಾಡು ಕೇಳದೆ ಕಾಫಿ ಕುಡಿಯಲ್ಲ, ಸ್ವಲ್ಪ ಬೇಗ ಬಾ" ಅಂದರು.

ಹೋದೆ. ಚಿತ್ರ ಸರಿ ಇತ್ತು, ಸೌಂಡ್ ಸರಿ ಇತ್ತು. ವೈಫೈ ಗೆರೆಗಳೂ ಪೂರ್ತಿ ಇದ್ದವು. ಅದೇ ವೈಫೈನಲ್ಲಿ ಮೇಷ್ಟ್ರ ಫೋನಿನಲ್ಲಿ ವಿಡಿಯೋ ಓಡುತ್ತಿತ್ತು. ಟಿವಿ ಮಾತ್ರ ವೈಫೈ ಇದೆ, ಇಂಟರ್ನೆಟ್ ಇಲ್ಲ ಅನ್ನುತ್ತಿತ್ತು. ಪಾಸ್‌ವರ್ಡ್ ತೆಗೆದು ಮತ್ತೆ ಹಾಕಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಯೂಟ್ಯೂಬ್ ಅಪ್‌ಡೇಟ್ ಮಾಡೋಣ ಅಂತ ಪ್ಲೇ ಸ್ಟೋರ್ ಒತ್ತಿದರೆ ಅದೂ ತೆರೆಯಲಿಲ್ಲ. ಕೊನೆಗೆ ಫ್ಯಾಕ್ಟರಿ ರಿಸೆಟ್ ಮಾಡಿಬಿಡೋಣ ಅಂತ ಸೆಟ್ಟಿಂಗ್ಸ್‌ಗೆ ಹೋದಾಗ ಮೂಲೆಯಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು. 2015, ಜನವರಿ 1.

ಹಿಂದಿನ ರಾತ್ರಿ ಊರಲ್ಲಿ ಕರೆಂಟು ಹೋಗಿತ್ತು. ಆ ಟಿವಿಯ ಒಳಗೆ ಗಡಿಯಾರ ಓಡಿಸಲು ಬ್ಯಾಟರಿ ಇಲ್ಲ. ಸಮಯವನ್ನು ತಾನೇ ಇಂಟರ್ನೆಟ್‌ನಿಂದ ತೆಗೆದುಕೊಳ್ಳುವ ಸೆಟ್ಟಿಂಗನ್ನು ಯಾರೋ ಆಫ್ ಮಾಡಿದ್ದರು. ಆನ್ ಮಾಡಿದೆ. ಒಂದು ನಿಮಿಷದಲ್ಲಿ ಎಲ್ಲ ಬಂತು. ಅಜ್ಜಿ ಕಾಫಿ ಕುಡಿದರು, ನನಗೂ ಕೊಟ್ಟರು.

ದಿನಾಂಕಕ್ಕೂ ಯೂಟ್ಯೂಬ್‌ಗೂ ಏನು ಸಂಬಂಧ? ಮೇಷ್ಟ್ರು ಕೇಳಿದರು. ಸಂಬಂಧ ಇದೆ. ಯಾವುದೇ ಸೇವೆಯ ಸರ್ವರ್, ಅಂದರೆ ಆ ಕಡೆ ಉತ್ತರ ಕೊಡುವ ಕಂಪ್ಯೂಟರ್, ಮಾತಾಡುವ ಮೊದಲು ತನ್ನ ಗುರುತಿನ ಚೀಟಿ ತೋರಿಸುತ್ತದೆ. ಅದನ್ನು ಸರ್ಟಿಫಿಕೇಟ್ ಅನ್ನುತ್ತಾರೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಟಿವಿ ತನ್ನ ಗಡಿಯಾರ ನೋಡಿಕೊಂಡು ಚೀಟಿ ಓದುತ್ತದೆ. 2015ರಲ್ಲಿ ಕೂತ ಟಿವಿಗೆ ಈಗಿನ ಚೀಟಿ ಇನ್ನೂ ಶುರುವೇ ಆಗಿಲ್ಲ. ಹಾಗಾಗಿ ನಂಬುವುದಿಲ್ಲ, ಬಾಗಿಲು ಹಾಕಿಬಿಡುತ್ತದೆ. ಟಿವಿ ಮಾಡಿದ್ದು ಸರಿಯೇ.

ಶಿಡ್ಲಘಟ್ಟದಲ್ಲಿ ನಾನು ಟಿವಿ ಕೆಲಸ ಶುರು ಮಾಡಿದ್ದು ಪಿಕ್ಚರ್ ಟ್ಯೂಬ್ ಕಾಲದಲ್ಲಿ. ಆಮೇಲೆ ಡಿಶ್ ಕಟ್ಟಿದೆ. ಡಿಶ್ ಕೆಲಸದಲ್ಲಿ ಒಂದು ಅಭ್ಯಾಸ ಬರುತ್ತದೆ. ಸಿಗ್ನಲ್ ಮೇಲಿಂದ ಬೀಳುತ್ತದೆ, ನಾವು ಹಿಡಿದುಕೊಳ್ಳಬೇಕು, ಅಷ್ಟೇ. ಸೆಟ್‌ಟಾಪ್ ಬಾಕ್ಸ್‌ಗೆ ಹೊಸ ಸಾಫ್ಟ್‌ವೇರ್ ಕೂಡ ಉಪಗ್ರಹದಿಂದಲೇ ಬರುತ್ತದೆ. ಅದನ್ನು ಜಾತ್ರೆಯ ತೊಟ್ಟಿಲಿನ ಹಾಗೆ ಸುತ್ತ ಸುತ್ತ ಕಳಿಸುತ್ತಲೇ ಇರುತ್ತಾರೆ. ಬಾಕ್ಸ್ ತನ್ನ ಕಂಪನಿಯ ಗುರುತು, ತನ್ನ ಮಾಡೆಲ್ ಬಂದಾಗ ಹಿಡಿದುಕೊಳ್ಳುತ್ತದೆ. ಬಾಕ್ಸ್ ಯಾರನ್ನೂ ಏನೂ ಕೇಳುವುದಿಲ್ಲ.

ಇಂಟರ್ನೆಟ್ ಟಿವಿ ಹಾಗಲ್ಲ. ಅದು ಒಂದೊಂದನ್ನೂ ಕೇಳಿ ಪಡೆಯಬೇಕು. ಈ ಒಂದು ಮಾತು ನನ್ನ ತಲೆಗೆ ಇಳಿಯಲು ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ನಾನು ಎಷ್ಟೋ ಮನೆಗಳಲ್ಲಿ ಸುಮ್ನೆ ಫ್ಯಾಕ್ಟರಿ ರಿಸೆಟ್ ಹೊಡೆದಿದ್ದೇನೆ. ಜನರ ಪಾಸ್‌ವರ್ಡು, ಲಾಗಿನ್ನು ಎಲ್ಲ ಹೋಗಿ ಅವರಿಗೆ ತೊಂದರೆ ಆಗಿದೆ. ಅದಕ್ಕೆ ಇವತ್ತಿಗೂ ಬೇಜಾರಿದೆ.

ಮಳ್ಳೂರಿನಿಂದ ಬಂದ ಮೇಲೆ ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿ ಕೂತೆ. ಹಳೇ ಲ್ಯಾಪ್‌ಟಾಪ್‌ಗೆ ರೂಟರಿನಿಂದ ಕೇಬಲ್ ಕೊಟ್ಟೆ. ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್ ಆನ್ ಮಾಡಿ ಅದರಿಂದ ಒಂದು ಆಂಡ್ರಾಯ್ಡ್ ಟಿವಿಗೆ ವೈಫೈ ಕೊಟ್ಟೆ. ಈಗ ಟಿವಿ ಹೊರಗೆ ಏನು ಕೇಳಿದರೂ ನನ್ನ ಲ್ಯಾಪ್‌ಟಾಪ್ ದಾಟಿ ಹೋಗಬೇಕು. ವೈರ್‌ಶಾರ್ಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಟಿವಿ ಯಾರನ್ನು ಕೇಳುತ್ತಿದೆ ಅಂತ ಅದರಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಟಿವಿ ಆನ್ ಮಾಡಿ ನೋಡುತ್ತಾ ಕೂತೆ. ಪರದೆಯ ಮೇಲೆ ಇನ್ನೂ ಕಂಪನಿ ಲೋಗೋ ಹೋಗಿರಲಿಲ್ಲ, ಇಲ್ಲಿ ಸಾಲುಗಳು ಓಡಲು ಶುರುವಾದವು.

ಮೊದಲ ಪ್ರಶ್ನೆ ರೂಟರಿಗೆ (ಇಲ್ಲಿ ಆ ಕೆಲಸ ನನ್ನ ಲ್ಯಾಪ್‌ಟಾಪ್‌ನದು): ನನಗೊಂದು ವಿಳಾಸ ಕೊಡು. ರೂಟರ್ ಸಾಮಾನ್ಯವಾಗಿ 192.168 ಅಂತ ಶುರುವಾಗುವ ಒಂದು ನಂಬರ್ ಕೊಡುತ್ತದೆ. ಜೊತೆಗೆ ಹೊರಗೆ ಹೋಗುವ ದಾರಿ ಯಾವುದು, ಹೆಸರು ಕೇಳಬೇಕಾದರೆ ಯಾರನ್ನು ಕೇಳಬೇಕು ಅನ್ನುವುದನ್ನೂ ಹೇಳುತ್ತದೆ. ರೂಟರ್ ಉತ್ತರ ಕೊಡದಿದ್ದರೆ ಕೆಲವು ಟಿವಿಗಳು ತಾವೇ 169.254 ಅಂತ ಶುರುವಾಗುವ ನಂಬರ್ ಇಟ್ಟುಕೊಳ್ಳುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈ ನಂಬರ್ ಕಂಡರೆ ನಾನು ಟಿವಿ ಮುಟ್ಟುವುದೇ ಇಲ್ಲ, ನೇರ ರೂಟರ್ ಕಡೆ ಹೋಗುತ್ತೇನೆ.

ಎರಡನೆಯದು ಹೆಸರಿನ ಪ್ರಶ್ನೆ. ಟಿವಿಯ ಒಳಗೆ ಸರ್ವರ್‌ಗಳ ಹೆಸರುಗಳು ಬರೆದಿವೆ, ನಂಬರ್‌ಗಳಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದ ಹೊಸಬರು ನನ್ನ ಅಂಗಡಿ ಮುಂದೆ ನಿಂತು, ನೂಲು ತೆಗೆಯುವ ಇಂಥ ರೀಲರ್ ಮನೆ ಎಲ್ಲಣ್ಣ ಅಂತ ಕೇಳುತ್ತಾರಲ್ಲ, ಹಾಗೆ ಟಿವಿ ಹೆಸರಿಗೆ ನಂಬರ್ ಹೇಳುವ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ನಾನು ಕಂಡ ಹೆಸರುಗಳಲ್ಲಿ ಟೈಮ್ ಡಾಟ್ ಆಂಡ್ರಾಯ್ಡ್ ಡಾಟ್ ಕಾಮ್ ಒಂದು. ಅದು ಗಡಿಯಾರಕ್ಕೆ. ಇನ್ನೊಂದು ಕನೆಕ್ಟಿವಿಟಿಚೆಕ್ ಅಂತ ಶುರುವಾಗುವ ಹೆಸರು. ಟಿವಿ ಅಲ್ಲಿಗೆ ಹೋಗಿ ಒಂದು ಖಾಲಿ ಪುಟ ಕೇಳುತ್ತದೆ. ಅಲ್ಲಿಂದ 204 ಅನ್ನುವ ಉತ್ತರ ಬರಬೇಕು. 'ಕೇಳಿದ್ದು ಸಿಕ್ಕಿತು, ಕೊಡಲು ಏನೂ ಇಲ್ಲ' ಅಂತ ಅದರ ಅರ್ಥ. 204 ಬಂದರೆ ಟಿವಿ ಇಂಟರ್ನೆಟ್ ಇದೆ ಅನ್ನುತ್ತದೆ, ಬರದಿದ್ದರೆ ಇಲ್ಲ ಅನ್ನುತ್ತದೆ. ಅಂದರೆ ಪರದೆ ಮೇಲೆ ಬರುವ 'ಇಂಟರ್ನೆಟ್ ಇಲ್ಲ' ಅನ್ನುವ ಮಾತು ಈ ಒಂದು ಪರೀಕ್ಷೆಯ ಫಲಿತಾಂಶ, ಅಷ್ಟೇ. ಅದು ಗೊತ್ತಾದಾಗ ನನಗೆ ಬಹಳ ಸಂತೋಷವಾಯಿತು. ಆಮೇಲೆ ಕಂಪನಿಯ ಅಪ್‌ಡೇಟ್ ಸರ್ವರ್, ಆ್ಯಪ್‌ಗಳ ಸರ್ವರ್, ಜಾಹೀರಾತಿನ ಸರ್ವರ್. ಸಾಲು ಬೆಳೆಯುತ್ತಲೇ ಹೋಯಿತು.

ಡಿಎನ್‌ಎಸ್ ಬಗ್ಗೆ ಒಂದು ತಪ್ಪು ಮಾಡಿದ್ದೇನೆ, ಬೇರೆಯವರು ಮಾಡಬಾರದು ಅಂತ ಹೇಳುತ್ತೇನೆ. ಜಂಗಮಕೋಟೆ ಕಡೆಯ ಒಂದು ಮನೆಯಲ್ಲಿ ಇಂಟರ್ನೆಟ್ ಕೊಟ್ಟವರ ಡಿಎನ್‌ಎಸ್ ಆಗಾಗ ಉತ್ತರ ಕೊಡುತ್ತಿರಲಿಲ್ಲ. ಟಿವಿಯಲ್ಲೇ ಗೂಗಲ್‌ನ 8.8.8.8 ಹಾಕಿದೆ. ಆಂಡ್ರಾಯ್ಡ್ ಟಿವಿಯಲ್ಲಿ ಡಿಎನ್‌ಎಸ್ ಬದಲಿಸಬೇಕಾದರೆ ಸಾಮಾನ್ಯವಾಗಿ ರೂಟರ್ ಕೊಡುವ ಆ ವಿಳಾಸವನ್ನೂ (ಐಪಿ) ನಾವೇ ಕೈಯಾರೆ ಕೊಡಬೇಕು. ಯೋಚನೆ ಮಾಡದೆ 192.168.1.5 ಕೊಟ್ಟೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ರೂಟರ್ ಅದೇ ನಂಬರನ್ನು ಮನೆಯ ಹುಡುಗನ ಫೋನಿಗೆ ಕೊಟ್ಟಿತು. ಒಂದೇ ವಿಳಾಸಕ್ಕೆ ಇಬ್ಬರು. ಇಬ್ಬರಿಗೂ ನೆಟ್ ಬಂದು ಹೋಗಿ ಮಾಡುತ್ತಿತ್ತು. ಈಗ ನಾನು ಡಿಎನ್‌ಎಸ್ ಅನ್ನು ರೂಟರಿನಲ್ಲೇ ಬದಲಿಸುತ್ತೇನೆ. 8.8.8.8 ಜೊತೆಗೆ ಎರಡನೆಯದಾಗಿ ಕ್ಲೌಡ್‌ಫ್ಲೇರ್‌ನ 1.1.1.1 ಕೊಡುತ್ತೇನೆ. ಟಿವಿ ಪಾಡಿಗೆ ಟಿವಿ ರೂಟರನ್ನೇ ಕೇಳಲಿ.

ಇನ್ನು ಅಪ್‌ಡೇಟ್ ವಿಷಯ. ಇದರಲ್ಲೇ ಜನರಿಗೆ ಗೊಂದಲ ಜಾಸ್ತಿ. ಮೊದಲು ತಿಳಿಯಬೇಕಾದದ್ದು, ಆ್ಯಪ್ ಅಪ್‌ಡೇಟ್ ಬೇರೆ, ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಬೇರೆ. ಯೂಟ್ಯೂಬ್ ಹೊಸದಾಗುವುದು ಪ್ಲೇ ಸ್ಟೋರ್‌ನಿಂದ. ಟಿವಿ ಹೊಸದಾಗುವುದು ಟಿವಿ ಮಾಡಿದ ಕಂಪನಿಯ ಸರ್ವರ್‌ನಿಂದ. ಟಿವಿ ಆ ಸರ್ವರ್‌ಗೆ ಹೋಗಿ ನನ್ನ ಮಾಡೆಲ್ ಇದು, ನಾನಿರುವ ದೇಶ ಇದು, ನನ್ನಲ್ಲಿರುವ ಸಾಫ್ಟ್‌ವೇರ್ ಇದು ಅಂತ ಹೇಳುತ್ತದೆ. ಸರ್ವರ್ 'ಹೊಸದು ಇಲ್ಲ' ಅನ್ನಬಹುದು, ಇಲ್ಲವೇ ಫೈಲ್ ಎಲ್ಲಿದೆ ಅಂತ ಹೇಳಬಹುದು. ಫೈಲ್ ಇಳಿಸಿಕೊಂಡ ಮೇಲೆ ಟಿವಿ ಅದರಲ್ಲಿ ಕಂಪನಿಯ ಡಿಜಿಟಲ್ ಸಹಿ ಇದೆಯಾ ನೋಡುತ್ತದೆ. ಸಹಿ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ.

ಇಲ್ಲೇ ನಮ್ಮ ಟೌನ್‌ನಲ್ಲಿ ಅಣ್ಣ ತಮ್ಮ ಇಬ್ಬರು ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೇ ಟಿವಿ ತೆಗೆದುಕೊಂಡಿದ್ದರು. ಅಣ್ಣನ ಟಿವಿಗೆ ಅಪ್‌ಡೇಟ್ ಬಂತು, ತಮ್ಮನಿಗೆ ಬರಲಿಲ್ಲ. "ನನ್ನದು ಡೂಪ್ಲಿಕೇಟಾ?" ಅಂತ ತಮ್ಮ ಬಂದು ಕೇಳಿದ. ಅಲ್ಲ. ಕಂಪನಿಗಳು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ. ಮೊದಲು ಕೆಲವರಿಗೆ ಕೊಟ್ಟು, ತೊಂದರೆ ಇಲ್ಲ ಅಂತ ನೋಡಿಕೊಂಡು ಉಳಿದವರಿಗೆ ಬಿಡುತ್ತವೆ. ಸ್ವಲ್ಪ ದಿನ ಕಾಯಪ್ಪ ಅಂದೆ. ಅವನಿಗೂ ಬಂತು.

ಆದರೆ ನಮ್ಮ ಕಡೆ ಅಪ್‌ಡೇಟ್ ಬರದೇ ಇರುವುದಕ್ಕೆ ದೊಡ್ಡ ಕಾರಣ ಬೇರೆ ಇದೆ. ರಾತ್ರಿ ಮಲಗುವಾಗ ಗೋಡೆ ಸ್ವಿಚ್ ಆಫ್ ಮಾಡುತ್ತೇವೆ. ಸಿಡಿಲಿನ ಭಯ, ವೋಲ್ಟೇಜ್ ಏರಿಳಿತದ ಭಯ. ಭಯ ಸುಳ್ಳಲ್ಲ. ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಬೋರ್ಡ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಆದರೆ ಬಹಳಷ್ಟು ಟಿವಿಗಳು ಕಂಪನಿಯನ್ನು ಕೇಳುವುದು, ಫೈಲ್ ಹಾಕಿಕೊಳ್ಳುವುದು ಸ್ಟ್ಯಾಂಡ್‌ಬೈನಲ್ಲಿ, ಅಂದರೆ ರಿಮೋಟ್‌ನಿಂದ ಆಫ್ ಮಾಡಿ ಕರೆಂಟು ಹಾಗೇ ಬಿಟ್ಟಾಗ, ಯಾರೂ ನೋಡದ ಹೊತ್ತಿನಲ್ಲಿ. ಕರೆಂಟೇ ಇಲ್ಲದಿದ್ದರೆ ಅದು ಯಾವಾಗ ಕೇಳಬೇಕು? ಹಾಗಾಗಿ ನಾನು ಹೇಳುವುದು, ಗುಡುಗು ಮಳೆ ಇಲ್ಲದ ದಿನ, ತಿಂಗಳಿಗೆ ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಸಾಫ್ಟ್‌ವೇರ್ ಅಪ್‌ಡೇಟ್ ನೀವೇ ಒತ್ತಿ ನೋಡಿ. ಆಮೇಲೆ ಎಂದಿನಂತೆ ಸ್ವಿಚ್ ಆಫ್ ಮಾಡಿಕೊಳ್ಳಿ.

ಅಪ್‌ಡೇಟ್ ನಡೆಯುವಾಗ ಮಾತ್ರ ಸ್ವಿಚ್ ಮುಟ್ಟಬೇಡಿ. ಮೇಲೂರಿನ ಒಂದು ಮನೆಯಲ್ಲಿ ಅಪ್‌ಡೇಟ್ ಶೇಕಡಾ 60ಕ್ಕೆ ಬಂದಾಗ ಊಟಕ್ಕೆ ಕರೆದರು ಅಂತ ಹುಡುಗ ಆಫ್ ಮಾಡಿ ಎದ್ದ. ಟಿವಿ ಲೋಗೋದಲ್ಲೇ ನಿಂತಿತು. ಈಗಿನ ಹಲವು ಟಿವಿಗಳಲ್ಲಿ ಸಾಫ್ಟ್‌ವೇರ್‌ಗೆ ಎರಡು ಜಾಗ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ವ್ಯವಸ್ಥೆ 2016ರ ಆವೃತ್ತಿ 7ರಿಂದ ಬಂತು. ಹಳೆಯದು ಒಂದು ಕಡೆ ಹಾಗೇ ಇರುತ್ತದೆ, ಹೊಸದು ಇನ್ನೊಂದು ಕಡೆ ಕೂರುತ್ತದೆ. ಹೊಸದು ಏಳದಿದ್ದರೆ ಹಳೆಯದಕ್ಕೆ ವಾಪಸ್ ಹೋಗುತ್ತದೆ. ಮೇಲೂರಿನ ಟಿವಿಯಲ್ಲಿ ಒಂದೇ ಜಾಗ ಇತ್ತು. ಪೆನ್‌ಡ್ರೈವ್‌ನಿಂದ ಸಾಫ್ಟ್‌ವೇರ್ ಹಾಕಬೇಕಾಯಿತು.

ಪೆನ್‌ಡ್ರೈವ್ ಕೆಲಸ ಮಾಡುವವರಿಗೆ ಒಂದು ಮಾತು. ಹಲವು ಟಿವಿಗಳು ಫ್ಯಾಟ್32 (FAT32) ಮಾದರಿಯಲ್ಲಿ ಫಾರ್ಮ್ಯಾಟ್ ಮಾಡದ ಪೆನ್‌ಡ್ರೈವ್ ಓದುವುದಿಲ್ಲ. ಫೈಲ್ ಇಡುವ ಜಾಗವೂ ಕಂಪನಿಗೊಂದು ಥರ. ಎಲ್‌ಜಿಗೆ LG_DTV ಅನ್ನುವ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಇಡಬೇಕು. ಮಾಡೆಲ್ ನಂಬರ್ ಹಿಂದಿನ ಸ್ಟಿಕ್ಕರ್‌ನಿಂದ ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಹಲವು ಪ್ಯಾನೆಲ್‌ಗಳಿಗೆ ಹೊಂದುವ ಯೂನಿವರ್ಸಲ್ ಬೋರ್ಡ್ ಇದ್ದರೆ ಬೋರ್ಡ್ ನಂಬರ್, ಪ್ಯಾನೆಲ್ ನಂಬರ್ ಎರಡೂ ನೋಡಬೇಕು. ಬೇರೆ ಪ್ಯಾನೆಲ್‌ನ ಫೈಲ್ ಹಾಕಿದರೆ ಚಿತ್ರ ತಲೆಕೆಳಗಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಹೆಸರೇ ಕೇಳದ ಕಂಪನಿಯ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳನ್ನು ಜನ ತರುತ್ತಾರೆ. ಅವುಗಳಲ್ಲಿ ಅಪ್‌ಡೇಟ್ ಬಟನ್ ಇರುತ್ತದೆ, ಆ ಕಡೆ ಉತ್ತರ ಕೊಡುವವರು ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ಇದೆ. ಬ್ಯಾಡ್‌ಬಾಕ್ಸ್ 2.0 ಅನ್ನುವ ಕೆಟ್ಟ ಸಾಫ್ಟ್‌ವೇರ್ ಇಂಥ ಸಾಧನಗಳಲ್ಲಿ ಮಾರಾಟಕ್ಕೆ ಮೊದಲೇ ಸೇರಿರಬಹುದು ಅಂತ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಜನರನ್ನು ಎಚ್ಚರಿಸಿತು. ಅಂಥ ಬಾಕ್ಸ್ ಮನೆಯ ವೈಫೈ ಒಳಗೆ ಕೂತು ಯಾರನ್ನು ಕೇಳುತ್ತದೆ, ಯಾರ ಮಾತು ಕೇಳುತ್ತದೆ ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ. ನಾನು ಅವನ್ನು ಹಾಕಿಕೊಡುವುದಿಲ್ಲ. ಗಿರಾಕಿ ಹೋದರೂ ಪರವಾಗಿಲ್ಲ.

ಕೊನೆಯದಾಗಿ ಹಳೇ ಟಿವಿಗಳ ಕಥೆ. ಯುರೋಪಿನಲ್ಲಿ ಎಚ್‌ಬಿಬಿಟಿವಿ ಅನ್ನುವ ಪದ್ಧತಿ ಇದೆ. ಅಲ್ಲಿ ಚಾನೆಲ್‌ನ ಸಿಗ್ನಲ್ ಜೊತೆಗೇ ಇಂಟರ್ನೆಟ್ ಸೇವೆಯ ವಿಳಾಸವೂ ಬರುತ್ತದೆ, ರಿಮೋಟ್‌ನ ಕೆಂಪು ಬಟನ್ ಒತ್ತಿದರೆ ತೆರೆಯುತ್ತದೆ. ವಿಳಾಸ ಬದಲಾದರೆ ಚಾನೆಲ್‌ನವರೇ ಹೊಸದು ಕಳಿಸಬಹುದು. ನಮ್ಮ ಮನೆಯ ಟಿವಿಗಳಲ್ಲಿ ವಿಳಾಸಗಳು ಸಾಫ್ಟ್‌ವೇರ್ ಒಳಗೇ ಕೂತಿವೆ. ಕಂಪನಿ ಅಪ್‌ಡೇಟ್ ಕೊಡುವುದು ನಿಲ್ಲಿಸಿದ ಮೇಲೆ ಟಿವಿ ಹಳೇ ಬಾಗಿಲನ್ನೇ ತಟ್ಟುತ್ತಿರುತ್ತದೆ. ಯೂಟ್ಯೂಬ್ 2015ರ ಏಪ್ರಿಲ್‌ನಲ್ಲಿ ತನ್ನ ಹಳೇ ಎಪಿಐ, ಅಂದರೆ ಆ್ಯಪ್‌ಗಳು ಸರ್ವರ್ ಜೊತೆ ಮಾತಾಡುವ ಹಳೇ ದಾರಿ, ನಿಲ್ಲಿಸಿತು, 2012ರ ಮತ್ತು ಅದಕ್ಕೂ ಮೊದಲಿನ ಎಷ್ಟೋ ಟಿವಿಗಳಲ್ಲಿ ಆ ಆ್ಯಪ್ ಅಲ್ಲಿಗೇ ಮುಗಿಯಿತು.

ನನಗೆ ಅದರ ಬಿಸಿ ತಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ. ಒಬ್ಬ ರೀಲರ್ ಮನೆಯ ಟಿವಿ, ಆಂಡ್ರಾಯ್ಡ್ ಅಲ್ಲ, ಕಂಪನಿಯದೇ ಸಾಫ್ಟ್‌ವೇರ್. ಯೂಟ್ಯೂಬ್ ಬರುತ್ತಿತ್ತು. ಅವರು ದಿನಾ ಕೇಳುವ ಒಂದು ರೇಡಿಯೋ ಆ್ಯಪ್ ಮಾತ್ರ ಬರುತ್ತಿರಲಿಲ್ಲ. ದಿನಾಂಕ ನೋಡಿದೆ, ಸರಿ ಇತ್ತು. ಡಿಎನ್‌ಎಸ್ ಸರಿ ಇತ್ತು. ಎರಡು ಸಲ ಹೋಗಿ ಬಂದೆ. ಆಮೇಲೆ ಓದಿ ತಿಳಿದದ್ದು ಹೀಗೆ. ಗುರುತಿನ ಚೀಟಿ ಕೊಡುವ ದೊಡ್ಡವರ ಪಟ್ಟಿಯೊಂದು ಟಿವಿಯ ಒಳಗೇ ಇರುತ್ತದೆ. ಆ ಪಟ್ಟಿಯಲ್ಲಿರುವ ಅವರ ಒಂದೊಂದು ಮೂಲ ಚೀಟಿಯನ್ನೂ ರೂಟ್ ಸರ್ಟಿಫಿಕೇಟ್ ಅನ್ನುತ್ತಾರೆ. ಅವುಗಳಿಗೂ ಕೊನೆಯ ದಿನ ಇದೆ. ಚೀಟಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯ ಚೀಟಿಗಳು ಹಳೇ ಸಾಧನಗಳಲ್ಲಿ ನೆಚ್ಚಿಕೊಂಡಿದ್ದ ಒಂದು ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಹೊಸ ರೂಟ್ ಬರಬೇಕಾದರೆ ಕಂಪನಿ ಅಪ್‌ಡೇಟ್ ಕೊಡಬೇಕು. ಆ ಮಾಡೆಲ್‌ಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿದ್ದವು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

"ಪ್ಯಾನೆಲ್ ಇನ್ನೂ ಹತ್ತು ವರ್ಷ ಬರುತ್ತೆ ಸರ್, ಟಿವಿ ಬದಲಿಸಬೇಡಿ" ಅಂತ ರೀಲರ್‌ಗೆ ಹೇಳಿದೆ. ಒಳ್ಳೆ ಕಂಪನಿಯ ಒಂದು ಸ್ಟ್ರೀಮಿಂಗ್ ಸ್ಟಿಕ್ ತರಿಸಿ ಎಚ್‌ಡಿಎಂಐಗೆ ಹಾಕಿದೆ. ಅದಕ್ಕೆ ಪವರ್ ಟಿವಿಯ ಯುಎಸ್‌ಬಿಯಿಂದ ಕೊಡಲಿಲ್ಲ. ಹಳೇ ಟಿವಿಯ ಯುಎಸ್‌ಬಿ ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು, ಸ್ಟಿಕ್ ನಡುವೆ ನಡುವೆ ಆಫ್ ಆಗುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿದೆ. ಸ್ಟಿಕ್ ಎದ್ದು ವೈಫೈ ಹಿಡಿಯಿತು. ಪರದೆ ಮೇಲೆ ದಿನಾಂಕ ಸರಿಯಾಗುವವರೆಗೆ ಕಾದೆ, ಆಮೇಲೆ ರಿಮೋಟನ್ನು ಅವರ ಕೈಗೆ ಕೊಟ್ಟೆ.