ಪಿಲಾತನ ಕಲ್ಲು ಹೇಳಿದಷ್ಟನ್ನೇ ಹೇಳಿ

ಕೆಲವು ವರ್ಷಗಳ ಹಿಂದೆ ನಮ್ಮ ಇಗರ್ಜಿಯ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನಾನೊಂದು ಪತ್ರ ಓದಿದೆ. ಜುದೇಯದ ರೋಮನ್ ಅಧಿಕಾರಿ ಲೆಂಟುಲಸ್ ಎಂಬವನು ಸೆನೆಟ್ಟಿಗೆ ಬರೆದದ್ದಂತೆ. ಯೇಸುವಿನ ಕೂದಲು, ಗಡ್ಡ, ಕಣ್ಣಿನ ಬಣ್ಣ ಎಲ್ಲ ಅದರಲ್ಲಿ ಇತ್ತು. ವಾಟ್ಸಾಪ್‌ನಲ್ಲಿ ಬಂದದ್ದು. ಚಪ್ಪಾಳೆಯೂ ಬಿತ್ತು. ಊಟದ ಸಾಲಿನಲ್ಲಿ ನನ್ನದೇ ಹಳೆ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ಮೆಲ್ಲ ಕೇಳಿದಳು: "ಮಾಷ್ಟ್ರೇ, ಆಗ ಅಲ್ಲಿ ಅಧಿಕಾರದಲ್ಲಿ ಇದ್ದದ್ದು ಪಿಲಾತ ಅಲ್ವಾ? ಈ ಲೆಂಟುಲಸ್ ಎಲ್ಲಿಂದ ಬಂದ?"

ಬಟ್ಟಲಿನ ಸಾನ್ನ ಗಂಟಲಲ್ಲಿ ಇಳಿಯಲಿಲ್ಲ. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಚರಿತ್ರೆ ಕಲಿಸಿದವನು ನಾನು! ಆ ಪತ್ರ ಮಧ್ಯಯುಗದಲ್ಲಿ ಯಾರೋ ಕಟ್ಟಿದ್ದು. ಲೊರೆಂಜೊ ವಲ್ಲಾ ಎಂಬ ವಿದ್ವಾಂಸ 15ನೇ ಶತಮಾನದಲ್ಲೇ ಅದು ಸುಳ್ಳು ಎಂದಿದ್ದ. ಐನೂರು ವರ್ಷ ತಡವಾಗಿ ನಾನು ಅದನ್ನು ಮೈಕಿನಲ್ಲಿ ಓದಿದೆ.

ಈಗ ಭಾನುವಾರದ ದೊತೊರ್ನ್ (ಧರ್ಮಬೋಧೆ) ಕ್ಲಾಸಿನಲ್ಲಿ ದೊಡ್ಡ ಮಕ್ಕಳಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿಗೆ ಮಂಗಳೂರಿಗೋ ಕಣ್ಣೂರಿಗೋ ಹೋದ ಮೇಲೆ ಯಾರಾದರೂ "ಯೇಸು ಅಂತ ಒಬ್ಬ ಇದ್ದ ಅನ್ನೋದಕ್ಕೆ ಏನು ಸಾಕ್ಷಿ?" ಎಂದು ಕೇಳಿಯೇ ಕೇಳುತ್ತಾರೆ. ಸಿಟ್ಟು ಮಾಡಬಾರದು. ಒಳ್ಳೆಯ ಪ್ರಶ್ನೆ ಅದು.

ಮೊದಲು ಚೀಲ ಖಾಲಿ ಮಾಡಿ. ನಿಮ್ಮ ಹತ್ತಿರ ಇರುವ ಫಾರ್ವರ್ಡ್ ಸರಕೆಲ್ಲ ಹೊರಗೆ ಹಾಕಿ. ಲೆಂಟುಲಸ್ ಪತ್ರ ಬೇಡ. ಪಿಲಾತನೇ ಚಕ್ರವರ್ತಿಗೆ ಬರೆದ ಎನ್ನುವ ವರದಿಯೂ ಬೇಡ. ಯೇಸುವಿನ ಶವಕ್ಕೆ ಸುತ್ತಿದ್ದು ಎನ್ನುವ ಟ್ಯೂರಿನ್‌ನ ಬಟ್ಟೆಯನ್ನು ಸಾಕ್ಷಿಯಾಗಿ ತರಬೇಡಿ. 1988ರ ಕಾರ್ಬನ್ ಪರೀಕ್ಷೆಯಲ್ಲಿ ಅದರ ಕಾಲ 1260ರಿಂದ 1390ರ ನಡುವೆ ಎಂದು ಬಂತು, ಆ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಭಕ್ತಿಯಿಂದ ನೋಡಿ, ನನ್ನದೇನೂ ತಕರಾರಿಲ್ಲ. ಆದರೆ ಒಂದು ಕೊಳೆತ ಅಡಿಕೆ ಸಿಕ್ಕಿದರೆ ವ್ಯಾಪಾರಿ ಇಡೀ ಗೋಣಿಯನ್ನೇ ಸಂಶಯದಿಂದ ನೋಡುತ್ತಾನೆ, ಗೊತ್ತಲ್ಲ?

ಆಮೇಲೆ, ನಮ್ಮವರಲ್ಲದವರ ಮಾತಿನಿಂದ ಶುರು ಮಾಡಿ. ತೋಟದ ಗಡಿಕಲ್ಲಿನ ತಕರಾರು ಇರುತ್ತದೆ ನೋಡಿ. "ಕಲ್ಲು ಇಲ್ಲೇ ಇತ್ತು" ಎಂದು ನಿಮ್ಮ ತಮ್ಮ ಹೇಳಿದರೆ ಅದಕ್ಕೆ ತೂಕ ಕಡಿಮೆ. ನಿಮ್ಮನ್ನು ಕಂಡರಾಗದ ಆಚೆಮನೆಯವನು ಹೇಳಿದರೆ? ಟ್ಯಾಸಿಟಸ್ ಅಂಥ ಆಚೆಮನೆಯವನು. ರೋಮಿನ ಈ ಇತಿಹಾಸಕಾರ ಸುಮಾರು 116ರ ಹೊತ್ತಿಗೆ ಬರೆದ. 64ರಲ್ಲಿ ರೋಮಿಗೆ ಬೆಂಕಿ ಬಿದ್ದಾಗ ನೀರೋ ಅದರ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿದ ಎನ್ನುತ್ತಾ, ಈ ಹೆಸರಿಗೆ ಕಾರಣನಾದ ಕ್ರಿಸ್ತನಿಗೆ ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಪಿಲಾತ ಮರಣದಂಡನೆ ಕೊಟ್ಟ ಎಂದು ಹೇಳುತ್ತಾನೆ. ಕ್ರೈಸ್ತ ಧರ್ಮ ಅವನಿಗೆ ಕೆಟ್ಟ ಮೂಢನಂಬಿಕೆ. ಹಾಗಾಗಿಯೇ ಆ ಸಾಲು ನಮಗೆ ಬೆಲೆಯುಳ್ಳದ್ದು.

ಎದುರಿನವರು ಓದಿಕೊಂಡವರಾದರೆ ಇಲ್ಲೊಂದು ಕೊಕ್ಕೆ ಹಾಕುತ್ತಾರೆ. ಟ್ಯಾಸಿಟಸ್ ಪಿಲಾತನನ್ನು 'ಪ್ರೊಕ್ಯುರೇಟರ್' ಎನ್ನುತ್ತಾನೆ. 1961ರಲ್ಲಿ ಇಸ್ರೇಲಿನ ಸೆಸರಿಯಾದಲ್ಲಿ, ಹಳೆ ರಂಗಮಂದಿರದ ಮೆಟ್ಟಿಲಿಗೆ ಬಳಸಿದ್ದ ಒಂದು ಕಲ್ಲು ಸಿಕ್ಕಿತು. ಅದರಲ್ಲಿ ಪಿಲಾತನ ಹೆಸರಿದೆ, ಹುದ್ದೆ 'ಪ್ರಿಫೆಕ್ಟ್'. ಅಂದರೆ ಟ್ಯಾಸಿಟಸ್ ತನ್ನ ಕಾಲದ ಹುದ್ದೆಯ ಹೆಸರನ್ನು ಹಿಂದಕ್ಕೆ ಹಾಕಿದ್ದಾನೆ. ಹೌದು ಎಂದು ಒಪ್ಪಿಬಿಡಿ. ಒಪ್ಪಿದರೆ ಏನೂ ಕಳೆದುಹೋಗುವುದಿಲ್ಲ.

ಆ ಕಲ್ಲನ್ನು ನಮ್ಮವರು ಜಾಸ್ತಿ ಎಳೆಯುತ್ತಾರೆ. "ಬೈಬಲ್ ನಿಜ ಎಂದು ಕಲ್ಲು ಹೇಳಿತು" ಎಂದು ಭಾಷಣ ಬಿಗಿಯುವುದನ್ನು ಕೇಳಿದ್ದೇನೆ. ಕಲ್ಲು ಹೇಳುವುದು ಇಷ್ಟೇ: ಪಿಲಾತ ಎಂಬವನಿದ್ದ, ಜುದೇಯದಲ್ಲಿ ಅಧಿಕಾರಿಯಾಗಿದ್ದ. ಯೇಸುವಿನ ಸುದ್ದಿಯೇ ಅದರಲ್ಲಿ ಇಲ್ಲ. ಅಷ್ಟನ್ನೇ ಹೇಳಿ. ನಾವು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುವ ಹೆಸರು ಕಟ್ಟುಕತೆಯ ಪಾತ್ರ ಅಲ್ಲ ಎನ್ನುವುದಕ್ಕೆ ಅದು ಸಾಕು.

ಜೋಸೆಫಸ್ ಎಂಬ ಯೆಹೂದಿ ಇತಿಹಾಸಕಾರನನ್ನು ಬಳಸುವಾಗ ಇನ್ನೂ ಹುಷಾರು. 93-94ರ ಸುಮಾರಿಗೆ ಮುಗಿಸಿದ ತನ್ನ ಗ್ರಂಥದಲ್ಲಿ ಅವನು ಯೇಸುವನ್ನು ಎರಡು ಕಡೆ ಹೆಸರಿಸುತ್ತಾನೆ. 18ನೇ ಭಾಗದ ಉದ್ದ ಮಾತಿನಲ್ಲಿ "ಅವನೇ ಕ್ರಿಸ್ತ" ಎಂಬಂಥ ಸಾಲುಗಳಿವೆ. ಅವನ್ನು ಆಮೇಲೆ ಕ್ರೈಸ್ತ ಕೈಗಳೇ ಸೇರಿಸಿದವು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದನ್ನು ಬಿಡಿ, 20ನೇ ಭಾಗಕ್ಕೆ ಹೋಗಿ. "ಕ್ರಿಸ್ತನೆಂದು ಕರೆಯುವ ಯೇಸುವಿನ ಸಹೋದರ" ಯಕೋಬನನ್ನು ಕಲ್ಲೆಸೆದು ಕೊಲ್ಲಿಸಿದ ಸಂಗತಿ ಅಲ್ಲಿ ಸುಮ್ನೆ ಹೋಗುವ ದಾರಿಯಲ್ಲಿ ಬರುತ್ತದೆ. ಹಾಗೆ ಬಾಯಿತಪ್ಪಿ ಬಂದಂಥ ಮಾತೇ ಗಟ್ಟಿ. (ಸಹೋದರ ಎಂದರೆ ಒಡಹುಟ್ಟಿದವನಾ, ದಾಯಾದಿಯಾ ಎಂದು ಮಕ್ಕಳು ಕೇಳುತ್ತಾರೆ. ಅದಕ್ಕೆ ಬೇರೆಯೇ ಕ್ಲಾಸು ಬೇಕು.)

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಪುನರುತ್ಥಾನದ ಕತೆ ನೂರಾರು ವರ್ಷ ಬಾಯಿಂದ ಬಾಯಿಗೆ ಹೋಗಿ ಬೆಳೆದದ್ದು ಎಂದು ಕೆಲವರು ಹೇಳುತ್ತಾರೆ. ಜಗಳ ಬೇಡ, ಕಾಗದ ತೆಗೆದು ಲೆಕ್ಕ ಹಾಕಿ. ಗ್ರೀಸಿನ ಡೆಲ್ಫಿಯಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಪತ್ರ ಕೆತ್ತಿದ ಕಲ್ಲಿನ ತುಂಡುಗಳು ಸಿಕ್ಕಿವೆ. ಅದರಲ್ಲಿ ಗಲ್ಲಿಯೋ ಎಂಬ ಅಧಿಕಾರಿಯ ಹೆಸರಿದೆ. ಅವನು ಅಲ್ಲಿ ಅಧಿಕಾರದಲ್ಲಿ ಇದ್ದದ್ದು 51-52ರ ಸುಮಾರಿಗೆ ಎಂದು ಅದರಿಂದ ಗೊತ್ತಾಗುತ್ತದೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ, ಗ್ರೀಸಿನ ಕೊರಿಂಥದಲ್ಲಿ ಕ್ರಿಸ್ತನ ಸುದ್ದಿ ಸಾರುತ್ತಿದ್ದ ಪೌಲನನ್ನು ಎಳೆದು ತಂದು ನಿಲ್ಲಿಸುವುದು ಇದೇ ಗಲ್ಲಿಯೋನ ಮುಂದೆ. ಕೆಲವೇ ವರ್ಷ ಕಳೆದು, ಸುಮಾರು 53ರಿಂದ 55ರ ನಡುವೆ, ಪೌಲ ಕೊರಿಂಥದವರಿಗೆ ಮೊದಲ ಪತ್ರ ಬರೆದ. 15ನೇ ಅಧ್ಯಾಯದಲ್ಲಿ ಹೇಳುತ್ತಾನೆ: ನನಗೆ ಸಿಕ್ಕಿದ್ದನ್ನೇ ನಿಮಗೆ ಕೊಟ್ಟೆ. ಕ್ರಿಸ್ತ ಸತ್ತ, ಹೂಳಲ್ಪಟ್ಟ, ಎದ್ದ, ಶಿಷ್ಯ ಪೇತ್ರನಿಗೆ ಕಾಣಿಸಿಕೊಂಡ.

ಯೇಸುವಿನ ಮರಣ 30ರಲ್ಲೋ 33ರಲ್ಲೋ. ಕಳೆಯಿರಿ. ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಅದೂ ಪತ್ರಕ್ಕೆ. ಪೌಲನಿಗೆ ಆ ಮಾತು ಸಿಕ್ಕಿದ್ದು ಅದಕ್ಕೂ ಮೊದಲೇ. ತಾನು ಜೆರುಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದೆ, ಯಕೋಬನನ್ನೂ ಕಂಡೆ ಎಂದು ಗಲಾತ್ಯದವರಿಗೆ ಬರೆದಿದ್ದಾನೆ.

ಇಪ್ಪತ್ತೈದು ವರ್ಷ ಅಂದರೆ ಎಷ್ಟು ಎಂದು ಮಕ್ಕಳಿಗೆ ಅಂದಾಜಾಗುವುದಿಲ್ಲ. ನಾನು ಕಾಸರಗೋಡು ಜಿಲ್ಲೆಯ ಕತೆ ಹೇಳುತ್ತೇನೆ. ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ನಲವತ್ತು ವರ್ಷ ದಾಟಿತು. ಜಿಲ್ಲೆಯೇ ಆಗಿಲ್ಲ ಎಂದು ಯಾರಾದರೂ ಬರೆದರೆ ಸಂಜೆಯ ಚಹದಂಗಡಿಯಲ್ಲೇ ಹತ್ತು ಜನ ತಿದ್ದುತ್ತಾರೆ. ಆದರೆ ಅವತ್ತು ಮಳೆ ಬಂತಾ, ಯಾರು ಭಾಷಣ ಮಾಡಿದರು ಎಂದು ಕೇಳಿ ನೋಡಿ, ಹತ್ತು ಜನ ಹತ್ತು ಕತೆ ಹೇಳುತ್ತಾರೆ. ಯೇಸುವಿನ ಬದುಕು ಹೇಳುವ ಶುಭಸಂದೇಶಗಳಲ್ಲಿ ಅವನ ಸಮಾಧಿಯ ಬಳಿ ದೂತರು ಒಬ್ಬರಾ ಇಬ್ಬರಾ ಎಂಬ ಪ್ರಶ್ನೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಹಸ್ತಪ್ರತಿಗಳ ಮಾತು ಬಂದರೆ ಸಂಖ್ಯೆಯ ಬಡಾಯಿ ಬೇಡ. ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳು ಐದು ಸಾವಿರಕ್ಕೂ ಮೇಲಿವೆ ನಿಜ, ಆದರೆ ಹೆಚ್ಚಿನವು ತೀರಾ ಆಮೇಲಿನವು. ಮ್ಯಾಂಚೆಸ್ಟರಿನಲ್ಲಿ ಇರುವ ಯೊವಾನ್ನನ ಶುಭಸಂದೇಶದ ಒಂದು ತುಣುಕಿನ ಬಗ್ಗೆ ಹೇಳಿ. ಉದ್ದ ಒಂಬತ್ತು ಸೆಂಟಿಮೀಟರು, ಅಗಲ ಆರು. ಪಿಲಾತ ಯೇಸುವನ್ನು ವಿಚಾರಿಸುವ ಭಾಗ. 125ರದ್ದು ಎಂದು ಹಳೆ ಪುಸ್ತಕಗಳು ಖಡಾಖಂಡಿತ ಹೇಳುತ್ತವೆ. ಕೈಬರಹ ನೋಡಿ ಅಷ್ಟು ಕರಾರುವಾಕ್ಕಾಗಿ ವರ್ಷ ಹೇಳಲಾಗದು ಎಂದು ಈಗಿನವರು ತಿದ್ದಿದ್ದಾರೆ. "2ನೇ ಶತಮಾನದ್ದಿರಬಹುದು" ಎಂದರೆ ಸಾಕು.

ಇಲ್ಲಿ ಕನ್ನಡದವರಿಗೆ ಒಂದು ಸ್ವಾರಸ್ಯ ಇದೆ. ಆ ತುಣುಕನ್ನು 1920ರಲ್ಲಿ ಈಜಿಪ್ಟಿನಲ್ಲಿ ಕೊಂಡವನು ಗ್ರೆನ್‌ಫೆಲ್ ಎಂಬ ಇಂಗ್ಲಿಷ್ ವಿದ್ವಾಂಸ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕ್ಯಾರಿಶನ್ ಎಂಬ ಹುಡುಗಿಯ ಗ್ರೀಕ್ ಪ್ರಹಸನವನ್ನು ಈಜಿಪ್ಟಿನ ಹಳೆ ಊರು ಆಕ್ಸಿರಿಂಕಸ್‌ನ ಕಸದ ರಾಶಿಯಿಂದ ಹೊರಗೆ ತಂದ ಇಬ್ಬರಲ್ಲೂ ಅವನೊಬ್ಬ. ಅದರಲ್ಲಿ ಕನ್ನಡ ಇದೆ ಎಂದು ನಾವು ಕುಣಿಯುತ್ತೇವೆ, ತುಳು ಎಂದು ತುಳುವರು. ಅರ್ಥವಿಲ್ಲದ ಗೊಣಗಾಟ ಅದು ಎಂದವರೂ ಇದ್ದಾರೆ. ಕನ್ನಡದ ವಿಷಯದಲ್ಲಿ ನನ್ನ ಮನಸ್ಸು ಎಷ್ಟು ಬೇಗ "ಹೌದು" ಎಂದು ಹಾರಿತು ಎಂದು ನೋಡಿಕೊಂಡಾಗಲೇ, ಧರ್ಮದ ವಿಷಯದಲ್ಲೂ ಅದು ಹಾಗೇ ಹಾರುತ್ತದೆ ಎಂದು ನನಗೆ ಹೊಳೆದದ್ದು.

ಯೇಸುವಿನ ಶಿಷ್ಯ ಸಂತ ತೋಮಸರು ಇಲ್ಲಿಗೆ ಬಂದಿದ್ದರಾ ಎಂಬ ಪ್ರಶ್ನೆ ಕೇರಳದಲ್ಲಿ ಇರುವ ನಮಗೆ ತಪ್ಪಿದ್ದಲ್ಲ. ತಿರುವಾಂಕೂರು ಕಡೆಯಿಂದ ಬಂದು ಮಲೆಯಲ್ಲಿ ನೆಲೆಸಿದ ಮನೆಗಳ ಮಕ್ಕಳು "52ರಲ್ಲಿ ಕೊಡುಂಗಲ್ಲೂರಿಗೆ ಬಂದರು" ಎಂದು ಪರೀಕ್ಷೆಯ ಉತ್ತರದಂತೆ ಹೇಳುತ್ತಾರೆ. ಅದು ಗೌರವದ ಪರಂಪರೆ ಎಂದು ಹೇಳಿ. ಬರಹದ ಸಾಕ್ಷಿ ಬೇಕಾದರೆ, ಮಲಬಾರಿನಲ್ಲಿ ಕ್ರೈಸ್ತರಿದ್ದಾರೆ ಎಂದ 6ನೇ ಶತಮಾನದ ಗ್ರೀಕ್ ಬರಹಗಾರ ಕೋಸ್ಮಸ್ ಇದ್ದಾನೆ, 849ರ ಕೊಲ್ಲಂನ ತಾಮ್ರಪಟ ಇದೆ. ಪರಂಪರೆ ಒಂದು ಕಪಾಟಿನಲ್ಲಿ, ದಾಖಲೆ ಇನ್ನೊಂದರಲ್ಲಿ ಇರಲಿ.

ಕೊನೆಗೆ, ನಂಬದ ಒಬ್ಬರ ಮುಂದೆ ಹೇಳಿ ನೋಡಿ. ನನಗೆ ನಮ್ಮ ಶಾಲೆಯ ಹಳೆ ಗಣಿತ ಮಾಷ್ಟ್ರು ಇದ್ದಾರೆ. ದೇವಸ್ಥಾನಕ್ಕೂ ಹೋಗುವವರಲ್ಲ. ಕಳೆದ ವಾರ ಜಗಲಿಯಲ್ಲಿ ಕೂತು ಕೊರಿಂಥದ ಲೆಕ್ಕ ಪೂರ್ತಿ ಕೇಳಿದರು.

"ವರ್ಷ ಸರಿ ಇದೆ. ಅವರು ಕಂಡೆವು ಎಂದು ಹೇಳಿದರು, ಅದೂ ಸರಿ. ಕಂಡದ್ದು ಏನನ್ನು?"

"ಅಲ್ಲಿಗೆ ನನ್ನ ಚರಿತ್ರೆ ನಿಲ್ಲುತ್ತದೆ ಮಾಷ್ಟ್ರೇ. ಮುಂದಿನದು ನನ್ನ ನಂಬಿಕೆ."

ಅವರು ಒಪ್ಪಲಿಲ್ಲ. ಮುಂದಿನ ಸಲ ಬರುವಾಗ ಜೋಸೆಫಸ್‌ನ ಆ ಎರಡೂ ಪುಟಗಳ ಝೆರಾಕ್ಸ್ ಬೇಕಂತೆ.